ಆಲ್ಟಮಾಂಟ್ ಪಾಸ್: ಗಾಳಿಗೂ ಒಂದು ಚರಿತ್ರೆ



ಬೇ ಏರಿಯಾದಲ್ಲಿರುವ ಕನ್ನಡಿಗರಲ್ಲಿ ಲಿವರ್‌ಮೋರ್‌ನ ಶಿವ-ವಿಷ್ಣು ದೇವಸ್ಥಾನಕ್ಕೆ ಹೋಗದವರು ಕಡಿಮೆ. ಅಲ್ಲಿಂದ 580 ಫ್ರೀವೇ ಹಿಡಿದು ಪೂರ್ವಕ್ಕೆ, ಟ್ರೇಸಿ ಊರಿನ ಕಡೆಗೆ ಸ್ವಲ್ಪ ದೂರ ಹೋದರೆ ಮನೆಗಳು ಮುಗಿದು ಬೋಳು ಗುಡ್ಡಗಳು ಶುರುವಾಗುತ್ತವೆ. ಚಳಿಗಾಲದ ಮಳೆ ಬಿದ್ದ ಮೇಲೆ ಎರಡು ಮೂರು ತಿಂಗಳು ಹಸಿರು, ಉಳಿದಂತೆ ವರ್ಷವೆಲ್ಲ ಒಣಹುಲ್ಲಿನ ಹಳದಿ. ಆ ಗುಡ್ಡಗಳ ನೆತ್ತಿಯ ಮೇಲೆ ನಿಂತು ತಿರುಗುವ ಬಿಳಿ ಗಾಳಿಯಂತ್ರಗಳನ್ನು ನೀವು ನೋಡಿಯೇ ಇರುತ್ತೀರಿ. ಮೌಂಟನ್ ಹೌಸ್‌ನಲ್ಲಿ ಮನೆ ಮಾಡಿಕೊಂಡು ಕೆಲಸಕ್ಕೆಂದು ಈ ಕಡೆಗೆ ಓಡಾಡುವವರಿಗಂತೂ ಅವು ಪಕ್ಕದ ಮನೆಯವರಷ್ಟೇ ಪರಿಚಿತ.

ಈ ಜಾಗದ ಹೆಸರು ಆಲ್ಟಮಾಂಟ್ ಪಾಸ್. ಗಾಳಿಯಿಂದ ಮಾಡಿದ ವಿದ್ಯುತ್ತನ್ನು ದೊಡ್ಡ ಪ್ರಮಾಣದಲ್ಲಿ ಮಾರಬಹುದು ಎಂದು ಜಗತ್ತು ಮೊದಲು ಕಲಿತ ಜಾಗಗಳಲ್ಲಿ ಇದೂ ಒಂದು. ಹಾಗೆ ಮಾರುವಾಗ ಏನೇನು ಎಡವಟ್ಟಾಗಬಹುದು ಎಂದು ಕಲಿತದ್ದೂ ಇಲ್ಲೇ. ‘ಕ್ಲೀನ್ ಎನರ್ಜಿ’, ಶುದ್ಧ ವಿದ್ಯುತ್ ಎಂಬ ಮಾತನ್ನು ನಾವು ಈಗ ದಿನವೂ ಕೇಳುತ್ತೇವೆ. ಆ ಮಾತಿನ ಹಿಂದೆ ಎಷ್ಟು ಅವಸರ, ಎಷ್ಟು ಹಣ, ಎಷ್ಟು ಸಾವು ಮತ್ತು ಎಷ್ಟು ತಿದ್ದುಪಡಿ ಇದೆ ಎಂಬುದನ್ನು ತಿಳಿಯಬೇಕಾದರೆ ಈ ಗುಡ್ಡಗಳ ಚರಿತ್ರೆಯನ್ನು ಒಮ್ಮೆ ನೋಡಬೇಕು.

ಗಾಳಿ ಇಲ್ಲಿಗೇ ಏಕೆ ಬರುತ್ತದೆ?

ಮೊದಲು ಭೂಗೋಳ. ಪಶ್ಚಿಮದಲ್ಲಿ ತಣ್ಣನೆಯ ಪೆಸಿಫಿಕ್ ಸಾಗರ, ಪೂರ್ವದಲ್ಲಿ ಬೇಸಿಗೆಯಲ್ಲಿ ಕಾದ ಕಾವಲಿಯಂತಾಗುವ ಸೆಂಟ್ರಲ್ ವ್ಯಾಲಿ. ಎರಡರ ನಡುವೆ ಬೆಟ್ಟಗಳ ಗೋಡೆ. ಒಳನಾಡಿನ ನೆಲ ಕಾದಾಗ ಅಲ್ಲಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ. ಆ ಜಾಗ ತುಂಬಲು ಸಾಗರದ ತಂಪು ಗಾಳಿ ನುಗ್ಗಿ ಬರುತ್ತದೆ. ಆದರೆ ಬೆಟ್ಟ ಅಡ್ಡ ಇರುವುದರಿಂದ ಎಲ್ಲಿ ಸಂದು ಸಿಕ್ಕರೆ ಅಲ್ಲಿ ನುಸುಳಬೇಕು. ಗೋಲ್ಡನ್ ಗೇಟ್ ಅಂಥ ಒಂದು ಸಂದು. ಡಯಾಬ್ಲೊ ಬೆಟ್ಟಸಾಲಿನಲ್ಲಿ ಸುಮಾರು ಸಾವಿರ ಅಡಿ ಎತ್ತರದಲ್ಲಿರುವ ಆಲ್ಟಮಾಂಟ್ ಇನ್ನೊಂದು. ಹಳ್ಳಿಮನೆಯಲ್ಲಿ ಮುಂಬಾಗಿಲು ಹಿತ್ತಿಲ ಬಾಗಿಲು ಎರಡನ್ನೂ ತೆಗೆದಿಟ್ಟರೆ ನಡುಮನೆಯಲ್ಲಿ ಬೀಸುವ ಗಾಳಿಯನ್ನು ನೆನಪಿಸಿಕೊಳ್ಳಿ. ಇಲ್ಲಿ ನಡೆಯುವುದೂ ಅದೇ.

ಹಾಗಾಗಿ ಇಲ್ಲಿನ ಗಾಳಿಗೆ ಒಂದು ವೇಳಾಪಟ್ಟಿ ಇದೆ. ಬೇಸಿಗೆಯಲ್ಲಿ ಜೋರು, ಚಳಿಗಾಲದಲ್ಲಿ ಮಂದ. ಮಧ್ಯಾಹ್ನ ದಾಟಿದ ಮೇಲೆ ಏಳುತ್ತದೆ, ಸಂಜೆ ರಾತ್ರಿಗಳಲ್ಲಿ ಬಲವಾಗುತ್ತದೆ. ಈ ವೇಳಾಪಟ್ಟಿ ಮುಂದೆ ಕಥೆಯಲ್ಲಿ ಎರಡು ಸಲ ಬರುತ್ತದೆ, ನೆನಪಿಡಿ.

ಗಾಳಿಗೆ ದಾರಿಯಾದ ಸಂದು ಮನುಷ್ಯರಿಗೂ ದಾರಿಯಾಯಿತು. ಅಮೆರಿಕದ ಪೂರ್ವ ಪಶ್ಚಿಮಗಳನ್ನು ಜೋಡಿಸಿದ ರೈಲುಮಾರ್ಗದ ಕೊನೆಯ ಕೊಂಡಿ, ಸ್ಯಾಕ್ರಮೆಂಟೊದಿಂದ ಕೊಲ್ಲಿಯ ತೀರದ ಆಲಮೀಡಕ್ಕೆ ಬಂದದ್ದು, 1869ರ ಸೆಪ್ಟೆಂಬರ್‌ನಲ್ಲಿ ಇದೇ ಪಾಸ್ ಮೂಲಕ. ನೂರು ವರ್ಷಗಳ ನಂತರ, 1969ರ ಡಿಸೆಂಬರ್ 6ರಂದು, ಇಲ್ಲಿನ ಕಾರ್ ರೇಸ್ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಉಚಿತ ಸಂಗೀತ ಕಾರ್ಯಕ್ರಮ ನಡೆದು, ಗಲಾಟೆಯಲ್ಲಿ ಕೊಲೆಯೂ ಆಗಿ, ಆಲ್ಟಮಾಂಟ್ ಎಂಬ ಹೆಸರು ಒಂದು ತಲೆಮಾರಿಗೆ ಅಪಶಕುನದ ಹೆಸರಾಯಿತು. ಅದಾದ ಹನ್ನೆರಡು ವರ್ಷಕ್ಕೆ ಅದೇ ಗುಡ್ಡಗಳು ಬೇರೊಂದು ಕಾರಣಕ್ಕೆ ಪತ್ರಿಕೆಗಳಿಗೆ ಬಂದವು.

ಎಣ್ಣೆ ತುಟ್ಟಿಯಾದಾಗ

1973ರಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ಎಣ್ಣೆ ಮಾರುವುದನ್ನು ನಿಲ್ಲಿಸಿದವು. ಪೆಟ್ರೋಲ್ ಬಂಕ್‌ಗಳ ಮುಂದೆ ಮೈಲುದ್ದದ ಸಾಲು. ಆಗ ಕ್ಯಾಲಿಫೋರ್ನಿಯಾದ ವಿದ್ಯುತ್ತಿನಲ್ಲಿ ಒಂದು ದೊಡ್ಡ ಪಾಲು ಎಣ್ಣೆ ಮತ್ತು ಅನಿಲ ಸುಟ್ಟು ಬರುತ್ತಿತ್ತು. 1974ರಲ್ಲಿ ರಾಜ್ಯ ಒಂದು ಕಾನೂನು ಮಾಡಿ ಕ್ಯಾಲಿಫೋರ್ನಿಯಾ ಎನರ್ಜಿ ಕಮಿಷನ್ ಸ್ಥಾಪಿಸಿತು. 1975ರಲ್ಲಿ ಮೂವತ್ತಾರರ ಹರೆಯದ ಜೆರ್ರಿ ಬ್ರೌನ್ ಗವರ್ನರ್ ಆದರು. ಸೂರ್ಯ, ಗಾಳಿ ಎಂದೆಲ್ಲ ಮಾತಾಡುತ್ತಿದ್ದ ಅವರನ್ನು ಆಗ ಹಲವರು ಗೇಲಿ ಮಾಡಿದರು. ಈ ಹೆಸರನ್ನೂ ನೆನಪಿಡಿ, ಮತ್ತೆ ಬರುತ್ತದೆ.

ನಿಜವಾದ ಬಾಗಿಲು ತೆರೆದದ್ದು 1978ರ ಫೆಡರಲ್ ಕಾನೂನು, ಪರ್ಪಾ. ಅಲ್ಲಿಯವರೆಗೆ ವಿದ್ಯುತ್ ಕಂಪನಿಯೇ ವಿದ್ಯುತ್ ಮಾಡಬೇಕು, ಅದೇ ಮಾರಬೇಕು ಎಂಬುದು ರೂಢಿ. ಬೇರೆ ಯಾರಾದರೂ ವಿದ್ಯುತ್ ಉತ್ಪಾದಿಸಿದರೆ ಕಂಪನಿ ಅದನ್ನು ಕೊಳ್ಳಲೇಬೇಕು, ತಾನೇ ಉತ್ಪಾದಿಸಿದ್ದರೆ ಆಗುತ್ತಿದ್ದ ಖರ್ಚಿನ ದರ ಕೊಡಬೇಕು ಎಂದು ಪರ್ಪಾ ಹೇಳಿತು. ಇನ್ನೂ ಸರಳವಾಗಿ ಹೇಳುವುದಾದರೆ, ಸಣ್ಣ ಹಿಡುವಳಿದಾರನ ಭತ್ತವನ್ನೂ ದೊಡ್ಡ ಮಿಲ್ಲಿನವನು ನ್ಯಾಯದ ಬೆಲೆಗೆ ಕೊಳ್ಳಬೇಕು ಎಂದಂತೆ. ಅದರ ಬೆನ್ನಿಗೆ ತೆರಿಗೆ ರಿಯಾಯಿತಿ ಬಂತು. ಗಾಳಿಯಂತ್ರಕ್ಕೆ ಹಣ ಹಾಕಿದವರಿಗೆ ಫೆಡರಲ್ ಮತ್ತು ರಾಜ್ಯ ಸರ್ಕಾರ ಎರಡೂ ಸೇರಿ, ಹಾಕಿದ ಬಂಡವಾಳದ ಹತ್ತಿರ ಹತ್ತಿರ ಅರ್ಧದಷ್ಟನ್ನು ತೆರಿಗೆಯಲ್ಲಿ ಬಿಡುತ್ತಿದ್ದವು. 1983ರ ಹೊತ್ತಿಗೆ ಮೊದಲ ಹತ್ತು ವರ್ಷ ನಿಗದಿತ ದರ ಕೊಡುವ ದೀರ್ಘಾವಧಿಯ ಒಪ್ಪಂದಗಳೂ ಸಿಕ್ಕವು. ಎಣ್ಣೆ ಬೆಲೆ ಏರುತ್ತಲೇ ಹೋಗುತ್ತದೆ ಎಂಬ ನಂಬಿಕೆಯ ಮೇಲೆ ಆ ದರ ನಿಂತಿತ್ತು.

ಬಾಗಿಲು ತೆರೆದಿತ್ತು, ಹಣ ಸಿದ್ಧವಿತ್ತು, ಗುಡ್ಡದಲ್ಲಿ ಗಾಳಿ ಇತ್ತು. ಬೇಕಾದದ್ದು ಒಳ್ಳೆಯ ಯಂತ್ರ. ಅದೊಂದೇ ಇರಲಿಲ್ಲ.

ಗಾಳಿಗೆ ಮುಗಿಬಿದ್ದ ಕಾಲ

1980ರ ಡಿಸೆಂಬರ್‌ನಲ್ಲಿ ಯು.ಎಸ್. ವಿಂಡ್‌ಪವರ್ ಎಂಬ ಕಂಪನಿ ದೇಶದ ಪೂರ್ವ ತುದಿಯ ನ್ಯೂ ಹ್ಯಾಂಪ್‌ಶೈರ್‌ನ ಒಂದು ಬೆಟ್ಟದ ಮೇಲೆ 30 ಕಿಲೋವ್ಯಾಟಿನ 20 ಯಂತ್ರಗಳನ್ನು ನೆಟ್ಟಿತು. ಜಗತ್ತಿನ ಮೊದಲ ವಿಂಡ್ ಫಾರ್ಮ್ ಎಂದು ಚರಿತ್ರೆಯಲ್ಲಿ ಅದರ ಹೆಸರಿದೆ. ಯಂತ್ರಗಳು ಕೆಟ್ಟವು, ಲೆಕ್ಕ ಹಾಕಿದಷ್ಟು ಗಾಳಿ ಬೀಸಲಿಲ್ಲ. ಕಂಪನಿ ಗಂಟುಮೂಟೆ ಕಟ್ಟಿಕೊಂಡು ಆಲ್ಟಮಾಂಟ್‌ಗೆ ಬಂತು. ಅದರ ಹಿಂದೆ ಇನ್ನೂ ಹಲವರು ಬಂದರು.

ಇಲ್ಲಿನ ನೆಲ ದನ ಮೇಯಿಸುವವರದು. ಮಳೆ ಕಡಿಮೆ, ಬೆಳೆ ಬಾರದ ಗುಡ್ಡ. ಆ ರ‍್ಯಾಂಚ್ ಮಾಲೀಕರಿಗೆ ಗುತ್ತಿಗೆ ಹಣ ಬಂತು. ಯಂತ್ರ ಮೇಲೆ ತಿರುಗಿದರೆ ದನ ಕೆಳಗೆ ಮೇಯುತ್ತವೆ, ಎರಡಕ್ಕೂ ತಕರಾರಿಲ್ಲ. 1981ರಿಂದ ಐದಾರು ವರ್ಷಗಳಲ್ಲಿ ಗುಡ್ಡಗಳ ಮೇಲೆ ಸಾವಿರಾರು ಯಂತ್ರಗಳು ಎದ್ದವು. ಎರಡು ರೆಕ್ಕೆಯವು, ಮೂರು ರೆಕ್ಕೆಯವು, ಮೊಟ್ಟೆ ಕಡೆಯುವ ಸಾಧನದ ಹಾಗೆ ನೆಟ್ಟಗೆ ನಿಂತು ತಿರುಗುವವು, ಜಾಲರಿ ಕಂಬದ ಮೇಲಿನವು, ಮೂರು ಕಾಲಿನ ಕಂಬದ ಮೇಲಿನವು. ಜಾತ್ರೆಯ ಆಟಿಕೆ ಅಂಗಡಿ ಗುಡ್ಡದ ಮೇಲೆ ಬಂದು ಕೂತಂತೆ ಕಾಣುತ್ತಿದ್ದಿರಬೇಕು.

ತೆರಿಗೆ ರಿಯಾಯಿತಿಯ ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. ಅದು ಸಿಗುತ್ತಿದ್ದದ್ದು ಹೂಡಿದ ಹಣಕ್ಕೆ, ತಯಾರಾದ ವಿದ್ಯುತ್ತಿಗೆ ಅಲ್ಲ. ಯಂತ್ರ ತಿರುಗಿತೋ ಬಿಟ್ಟಿತೋ, ಡಿಸೆಂಬರ್ 31ರೊಳಗೆ ನಿಂತಿದ್ದರೆ ಸಾಕು. ಡಾಕ್ಟರು, ವಕೀಲರು, ಹೆಚ್ಚು ತೆರಿಗೆ ಕಟ್ಟಬೇಕಾದವರು ಗಾಳಿಯಂತ್ರದಲ್ಲಿ ಪಾಲು ಕೊಂಡರು. ಪರೀಕ್ಷೆಯಾಗದ ಯಂತ್ರಗಳು ಅವಸರದಲ್ಲಿ ಮೇಲೇರಿದವು. ಹಲವು ಒಂದೆರಡು ವರ್ಷಕ್ಕೇ ರೆಕ್ಕೆ ಮುರಿದು ನಿಂತವು. ‘ಇದು ವಿಂಡ್ ಫಾರ್ಮ್ ಅಲ್ಲ, ಟ್ಯಾಕ್ಸ್ ಫಾರ್ಮ್’ ಎಂದು ಟೀಕಾಕಾರರು ಹಂಗಿಸಿದರು.

ಆದರೂ ಆ ಗದ್ದಲದಲ್ಲಿ ಒಂದು ದೊಡ್ಡ ಪರೀಕ್ಷೆ ನಡೆದುಹೋಯಿತು. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ಆಗ ಬೃಹತ್ ಗಾಳಿಯಂತ್ರಗಳನ್ನು ವಿನ್ಯಾಸ ಮಾಡಿಸುತ್ತಿತ್ತು. ಅವು ಮಾರುಕಟ್ಟೆಗೆ ಒಗ್ಗಲಿಲ್ಲ. ಡೆನ್ಮಾರ್ಕಿನವರ ದಾರಿ ಬೇರೆ. ಅವರು ಕೃಷಿ ಯಂತ್ರ ಮಾಡುವವರ ಹಾಗೆ, ಮೂರು ರೆಕ್ಕೆಯ ಭಾರವಾದ, ಗಟ್ಟಿಮುಟ್ಟಾದ ಸಣ್ಣ ಯಂತ್ರ ಮಾಡಿ, ಅದರ ದೋಷ ಸರಿಪಡಿಸಿ, ಆಮೇಲೆ ಸ್ವಲ್ಪ ದೊಡ್ಡದು ಮಾಡುತ್ತ ಬಂದಿದ್ದರು. ವೆಸ್ಟಾಸ್, ಬೋನಸ್, ನಾರ್ಡ್‌ಟ್ಯಾಂಕ್, ಮೈಕಾನ್ ಕಂಪನಿಗಳ ಯಂತ್ರಗಳು ಹಡಗಿನಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದು, ಬೇರೆಯವು ಮುರಿದ ಕಡೆ ತಿರುಗುತ್ತ ಉಳಿದವು. ಇಂದು ಜಗತ್ತಿನ ಯಾವ ಮೂಲೆಯಲ್ಲಿ ನೀವು ಗಾಳಿಯಂತ್ರ ನೋಡಿದರೂ ಅದಕ್ಕೆ ಮೂರೇ ರೆಕ್ಕೆ ಇರುವುದಕ್ಕೆ ಆ ಕಾಲದ ಅನುಭವವೇ ಒಂದು ದೊಡ್ಡ ಕಾರಣ.

1980ರ ದಶಕದ ನಡುವಿಗೆ ಜಗತ್ತಿನ ಪವನ ವಿದ್ಯುತ್ತಿನ ಬಹುಪಾಲು ಸಾಮರ್ಥ್ಯ ಕ್ಯಾಲಿಫೋರ್ನಿಯಾ ಒಂದರಲ್ಲೇ ಇತ್ತು. ಆಲ್ಟಮಾಂಟ್, ದಕ್ಷಿಣದ ತೆಹಾಚಪಿ ಮತ್ತು ಪಾಮ್ ಸ್ಪ್ರಿಂಗ್ಸ್ ಬಳಿಯ ಸ್ಯಾನ್ ಗೊರ್ಗೋನಿಯೊ, ಈ ಮೂರು ಕಣಿವೆಗಳೇ ಅದರ ಮುಖ್ಯ ಜಾಗಗಳು. ಒಂದು ಕಾಲಕ್ಕೆ ಸಾಮರ್ಥ್ಯದಲ್ಲಿ ಆಲ್ಟಮಾಂಟ್ ಜಗತ್ತಿನ ಅತಿದೊಡ್ಡ ವಿಂಡ್ ಫಾರ್ಮ್. ಮುಂದೆ ಬಹಳ ವರ್ಷ ಅದರ ಒಟ್ಟು ಸಾಮರ್ಥ್ಯ 576 ಮೆಗಾವ್ಯಾಟ್ ಎಂದೂ, ವರ್ಷದ ಉತ್ಪಾದನೆ ಸುಮಾರು 110 ಕೋಟಿ ಯೂನಿಟ್ ಎಂದೂ ಲೆಕ್ಕವಿತ್ತು. ಒಂದು ಮನೆಗೆ ವರ್ಷಕ್ಕೆ ಏಳು ಸಾವಿರ ಯೂನಿಟ್ ಹಿಡಿದರೂ ಒಂದೂವರೆ ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಆಗುವಷ್ಟು.

ಇಲ್ಲೊಂದು ಸಣ್ಣ ಗಣಿತ. 576 ಮೆಗಾವ್ಯಾಟ್ ಯಂತ್ರಗಳು ವರ್ಷವಿಡೀ ಪೂರ್ತಿ ಶಕ್ತಿಯಲ್ಲಿ ಓಡಿದರೆ 500 ಕೋಟಿ ಯೂನಿಟ್ ಬರಬೇಕು. ಬಂದದ್ದು 110 ಕೋಟಿ. ಅಂದರೆ ನೂರಕ್ಕೆ ಇಪ್ಪತ್ತೆರಡು. ಗಾಳಿ ಯಾವಾಗಲೂ ಬೀಸುವುದಿಲ್ಲ, ಬೀಸಿದಾಗಲೂ ಒಂದೇ ವೇಗದಲ್ಲಿರುವುದಿಲ್ಲ. ಯಾವುದಾದರೂ ಯೋಜನೆಯ ಜಾಹೀರಾತಿನಲ್ಲಿ ‘ಇಷ್ಟು ಮೆಗಾವ್ಯಾಟ್’ ಎಂದು ಓದಿದಾಗ, ‘ವರ್ಷಕ್ಕೆ ಎಷ್ಟು ಯೂನಿಟ್?’ ಎಂದು ಕೇಳುವ ಅಭ್ಯಾಸ ಒಳ್ಳೆಯದು.

ರಿಯಾಯಿತಿ ನಿಂತ ಮೇಲೆ

1985ರ ಕೊನೆಗೆ ಫೆಡರಲ್ ರಿಯಾಯಿತಿ ಮುಗಿಯಿತು. ಅದೇ ಹೊತ್ತಿಗೆ ಎಣ್ಣೆ ಬೆಲೆ ಕುಸಿಯಿತು. ಹೊಸ ಯಂತ್ರ ನೆಡುವವರೇ ಇಲ್ಲ. ಪೆಟ್ಟು ಡೆನ್ಮಾರ್ಕಿಗೂ ತಗುಲಿತು. ವೆಸ್ಟಾಸ್ ಕಂಪನಿ 1986ರಲ್ಲಿ ಸಾಲ ತೀರಿಸಲಾರದೆ ನಿಂತು, ಮುಂದಿನ ವರ್ಷ ಹೊಸದಾಗಿ ಹುಟ್ಟಬೇಕಾಯಿತು. ಆಲ್ಟಮಾಂಟ್‌ನ ದೊಡ್ಡ ಹೆಸರು ಯು.ಎಸ್. ವಿಂಡ್‌ಪವರ್ ಮುಂದೆ ಕೆನೆಟೆಕ್ ಎಂಬ ಹೆಸರಿನಡಿ ಬೆಳೆದು, 1996ರಲ್ಲಿ ದಿವಾಳಿಯಾಯಿತು.

ಸರ್ಕಾರ ಪಾಠ ಕಲಿಯಿತು. 1992ರ ಫೆಡರಲ್ ಇಂಧನ ಕಾನೂನಿನಲ್ಲಿ ರಿಯಾಯಿತಿಯ ರೀತಿಯೇ ಬದಲಾಯಿತು. ಯಂತ್ರಕ್ಕೆ ಹಾಕಿದ ಹಣಕ್ಕಲ್ಲ, ಅದು ತಯಾರಿಸಿ ಮಾರಿದ ಪ್ರತಿ ಯೂನಿಟ್ಟಿಗೆ ಒಂದೂವರೆ ಸೆಂಟ್, ಮೊದಲ ಹತ್ತು ವರ್ಷ. ಯಂತ್ರ ನಿಂತರೆ ರಿಯಾಯಿತಿಯೂ ನಿಲ್ಲುತ್ತದೆ. ಅಮೆರಿಕದಲ್ಲಿ ಇಂದು ತಯಾರಾಗುವ ವಿದ್ಯುತ್ತಿನ ಸುಮಾರು ಹತ್ತನೆಯ ಒಂದು ಭಾಗ ಗಾಳಿಯಿಂದ ಬರುತ್ತಿರುವುದರಲ್ಲಿ ಈ ಒಂದು ಬದಲಾವಣೆಯ ಪಾಲು ದೊಡ್ಡದು. ಆಲ್ಟಮಾಂಟ್‌ನಲ್ಲಿ ಮುರಿದು ನಿಂತ ಯಂತ್ರಗಳೇ ಅದಕ್ಕೆ ಗುರುಗಳು.

ಆದರೆ ಅದಕ್ಕಿಂತ ಕಷ್ಟದ ಪಾಠ ಇನ್ನೂ ಬಾಕಿ ಇತ್ತು.

ಗುಡ್ಡದ ಹಳೆಯ ಒಕ್ಕಲು

ಯಂತ್ರಗಳು ಬರುವುದಕ್ಕೆ ಬಹಳ ಮುಂಚೆ ಈ ಗಾಳಿಯನ್ನು ಬಳಸುತ್ತಿದ್ದವರು ಇದ್ದರು. ಗೋಲ್ಡನ್ ಈಗಲ್ ಎಂಬ ಹೊಂಬಣ್ಣದ ಕುತ್ತಿಗೆಯ ದೊಡ್ಡ ಹದ್ದು ಜಗತ್ತಿನಲ್ಲಿ ಅತಿ ದಟ್ಟವಾಗಿ ಗೂಡು ಕಟ್ಟುವ ಪ್ರದೇಶಗಳಲ್ಲಿ ಡಯಾಬ್ಲೊ ಬೆಟ್ಟಸಾಲೂ ಒಂದು. ದನ ಮೇಯ್ದು ಹುಲ್ಲು ಗಿಡ್ಡವಾದ ಗುಡ್ಡದಲ್ಲಿ ನೆಲದಲ್ಲಿ ಬಿಲ ತೋಡುವ ಅಳಿಲುಗಳು ಹೇರಳ. ಅಳಿಲಿಗಾಗಿ ಹದ್ದು ಬರುತ್ತದೆ, ಕೆಂಪು ಬಾಲದ ಗಿಡುಗ ಬರುತ್ತದೆ. ಅಳಿಲು ಬಿಟ್ಟ ಬಿಲದಲ್ಲಿ ಪುಟ್ಟ ಗೂಬೆ ಸಂಸಾರ ಹೂಡುತ್ತದೆ. ಗುಡ್ಡಕ್ಕೆ ಬಡಿದು ಮೇಲೇಳುವ ಗಾಳಿಯಲ್ಲಿ ರೆಕ್ಕೆ ಬಡಿಯದೆ ತೇಲುತ್ತ ಬೇಟೆ ಹುಡುಕುವುದು ಈ ಹಕ್ಕಿಗಳ ಕ್ರಮ. ಗಾಳಿಯಂತ್ರಕ್ಕೆ ಒಳ್ಳೆಯದೆಂದು ಎಂಜಿನಿಯರುಗಳು ಆರಿಸಿದ ಏಣುಗಳೇ ಹದ್ದಿಗೂ ಒಳ್ಳೆಯ ಜಾಗ.

ಹಳೆಯ ಯಂತ್ರ ಹಕ್ಕಿಗೆ ಹೇಗೆ ಕಾಣುತ್ತಿತ್ತು ಎಂದು ಯೋಚಿಸಿ. ರೆಕ್ಕೆಯ ಕೆಳತುದಿ ನೆಲದಿಂದ ಮೂವತ್ತು ನಲವತ್ತು ಅಡಿ ಎತ್ತರ, ಅಂದರೆ ಬೇಟೆಗೆಂದು ಹಕ್ಕಿ ಹಾರುವ ಎತ್ತರವೇ. ವೇಗ ನಿಮಿಷಕ್ಕೆ ಸುಮಾರು ಎಪ್ಪತ್ತು ಸುತ್ತು. ಕಂಬಗಳೋ ಒಂದರ ಪಕ್ಕ ಒಂದು, ಬೇಲಿಯ ಹಾಗೆ. ಕಣ್ಣು ಕೆಳಗಿನ ಅಳಿಲಿನ ಮೇಲೆ ನೆಟ್ಟಿರುವಾಗ ಎದುರಿಗೆ ಬರುವ ರೆಕ್ಕೆ ಕಾಣುವುದಿಲ್ಲ.

ಸತ್ತ ಹಕ್ಕಿಗಳು ಸಿಗತೊಡಗಿದ್ದು 1980ರ ದಶಕದಲ್ಲೇ. ಎನರ್ಜಿ ಕಮಿಷನ್ನಿಗಾಗಿ ನಡೆದ ಒಂದು ಅಧ್ಯಯನ 1992ರಲ್ಲಿ ಈ ಸಮಸ್ಯೆಯನ್ನು ದಾಖಲಿಸಿತು. ಆಮೇಲೆ ಶಾನ್ ಸ್ಮಾಲ್‌ವುಡ್ ಮತ್ತು ಕಾರ್ಲ್ ತೆಲಾಂಡರ್ ಎಂಬ ಜೀವವಿಜ್ಞಾನಿಗಳು ತಮ್ಮ ತಂಡದೊಂದಿಗೆ ಯಂತ್ರಗಳ ಬುಡದಲ್ಲಿ ವರ್ಷಗಟ್ಟಲೆ ಹುಡುಕಾಡಿದರು. ಸಿಕ್ಕ ಹಕ್ಕಿಗಳ ಲೆಕ್ಕ, ನರಿಯಂಥ ಪ್ರಾಣಿಗಳು ಎತ್ತಿಕೊಂಡು ಹೋಗಿರಬಹುದಾದವುಗಳ ಅಂದಾಜು ಎಲ್ಲ ಸೇರಿಸಿ 2004ರಲ್ಲಿ ವರದಿ ಕೊಟ್ಟರು. ವರ್ಷಕ್ಕೆ 75ರಿಂದ 116 ಗೋಲ್ಡನ್ ಈಗಲ್, ಬೇಟೆಹಕ್ಕಿಗಳು ಒಟ್ಟು 881ರಿಂದ 1,300, ಎಲ್ಲ ಹಕ್ಕಿಗಳು ಸೇರಿ 1,766ರಿಂದ 4,721. ಕಾಗೆ ಗುಬ್ಬಿಗಳ ಲೆಕ್ಕದಲ್ಲಿ ಇದು ದೊಡ್ಡದಲ್ಲ. ಆದರೆ ಹದ್ದು ನಿಧಾನವಾಗಿ ಹೆಚ್ಚುವ ಜೀವ. ದೊಡ್ಡದಾಗಿ ಗೂಡು ಕಟ್ಟಲು ನಾಲ್ಕೈದು ವರ್ಷ ಬೇಕು, ಆಮೇಲೂ ವರ್ಷಕ್ಕೆ ಒಂದೆರಡು ಮರಿ. ಒಂದೇ ಕಣಿವೆಯಲ್ಲಿ ವರ್ಷಕ್ಕೆ ಎಪ್ಪತ್ತೈದು ಎಂದರೆ ಸಾಮಾನ್ಯ ಮಾತಲ್ಲ. ಗೋಲ್ಡನ್ ಈಗಲ್ ಕೊಲ್ಲುವುದು ಫೆಡರಲ್ ಕಾನೂನಿನ ಪ್ರಕಾರ ಅಪರಾಧವೂ ಹೌದು.

ಪರಿಸರಕ್ಕೆಂದು ಕಟ್ಟಿದ್ದರ ವಿರುದ್ಧ ಪರಿಸರದವರೇ ನ್ಯಾಯಾಲಯಕ್ಕೆ ಹೋಗಬೇಕಾದ ಪ್ರಸಂಗ ಬಂತು. ಹಕ್ಕಿಪ್ರಿಯರ ಆಡುಬಾನ್ ಸಂಘಗಳಿಗೆ ಇದು ಸುಲಭದ ನಿರ್ಧಾರವಲ್ಲ. ಗಾಳಿ ಬೇಡ ಎಂದರೆ ಕಲ್ಲಿದ್ದಲು, ಅನಿಲಕ್ಕೆ ಬೆಂಬಲ ಕೊಟ್ಟಂತೆ. ಹವಾಮಾನ ಕೆಟ್ಟರೆ ಹಕ್ಕಿಗಳಿಗೇ ಕುತ್ತು. ಸುಮ್ಮನಿದ್ದರೆ ಈ ಕಣಿವೆಯ ಹದ್ದುಗಳು ಹೋಗುತ್ತವೆ. ಅವರು ‘ನಿಲ್ಲಿಸಿ’ ಎನ್ನಲಿಲ್ಲ, ‘ಸರಿಪಡಿಸಿ’ ಎಂದರು. 2005ರಿಂದ ಆಲಮೀಡ ಕೌಂಟಿ ಪರವಾನಗಿಗೆ ಷರತ್ತು ಹಾಕಿತು. ಅದರಲ್ಲಿ ಒಂದು, ಚಳಿಗಾಲದಲ್ಲಿ ಯಂತ್ರ ನಿಲ್ಲಿಸುವುದು. ಗಾಳಿಯ ವೇಳಾಪಟ್ಟಿ ನೆನಪಿದೆಯಲ್ಲ? ಚಳಿಗಾಲದಲ್ಲಿ ಗಾಳಿ ಮಂದ, ಬೇಟೆಹಕ್ಕಿಗಳು ಹೆಚ್ಚು. ನಿಲ್ಲಿಸಿದರೆ ಹೋಗುವ ವಿದ್ಯುತ್ ಸ್ವಲ್ಪ, ಉಳಿಯುವ ಜೀವ ಹಲವು. 2007ರಲ್ಲಿ ಬೇಟೆಹಕ್ಕಿಗಳ ಸಾವನ್ನು ಅರ್ಧಕ್ಕೆ ಇಳಿಸುವ ಒಪ್ಪಂದವಾಯಿತು. ಅದು ಕಾಗದದಲ್ಲಿದ್ದಷ್ಟು ಸುಲಭವಾಗಲಿಲ್ಲ.

2010ರ ಡಿಸೆಂಬರ್‌ನಲ್ಲಿ ಇನ್ನೊಂದು ಒಪ್ಪಂದ. ಆಲ್ಟಮಾಂಟ್‌ನ ಅತಿದೊಡ್ಡ ಮಾಲೀಕ ನೆಕ್ಸ್ಟ್‌ಎರಾ ಕಂಪನಿ ತನ್ನ ಸುಮಾರು 2,400 ಹಳೆಯ ಯಂತ್ರಗಳನ್ನು ತೆಗೆದು ಹೊಸದು ಹಾಕಲು, ಬೇಟೆಹಕ್ಕಿಗಳ ನೆಲೆ ಸುಧಾರಿಸಲು 25 ಲಕ್ಷ ಡಾಲರ್ ಕೊಡಲು ಒಪ್ಪಿತು. ರಾಜ್ಯದ ಪರವಾಗಿ ಒಪ್ಪಂದ ಮಾಡಿದ ಅಟಾರ್ನಿ ಜನರಲ್ ಯಾರು ಗೊತ್ತೆ? ಜೆರ್ರಿ ಬ್ರೌನ್. ಮೂವತ್ತು ವರ್ಷದ ಹಿಂದೆ ಗವರ್ನರ್ ಆಗಿ ಗಾಳಿಗೆ ಬಾಗಿಲು ತೆರೆದವರೇ ಈಗ ಅದರ ಹುಳುಕು ಸರಿಪಡಿಸಲು ಕೂತರು. ಮರುತಿಂಗಳೇ ಅವರು ಮತ್ತೆ ಗವರ್ನರ್ ಆದರು.

ನಾಲ್ಕುನೂರರ ಜಾಗಕ್ಕೆ ಮೂವತ್ತನಾಲ್ಕು

ಹಳೆಯ ಯಂತ್ರ ಕಿತ್ತು, ಕಡಿಮೆ ಸಂಖ್ಯೆಯ ದೊಡ್ಡ ಯಂತ್ರ ನೆಡುವ ಈ ಕೆಲಸಕ್ಕೆ ‘ರಿಪವರಿಂಗ್’ ಎನ್ನುತ್ತಾರೆ. 2012ರಲ್ಲಿ ಕಾಂಟ್ರಾ ಕಾಸ್ಟಾ ಕೌಂಟಿಯ ವಾಸ್ಕೊ ವಿಂಡ್ಸ್ ಯೋಜನೆಯಲ್ಲಿ 438 ಹಳೆಯ ಯಂತ್ರಗಳು ಹೋಗಿ 34 ಬಂದವು. ಒಂದೊಂದೂ 2.3 ಮೆಗಾವ್ಯಾಟ್, ಒಟ್ಟು 78 ಮೆಗಾವ್ಯಾಟ್. 2015ರಲ್ಲಿ ಗೋಲ್ಡನ್ ಹಿಲ್ಸ್ ಎಂಬ ಯೋಜನೆಯ ಪಾಲಿನಿಂದ 43 ಮೆಗಾವ್ಯಾಟ್ ಕೊಳ್ಳಲು ಗೂಗಲ್ ತನ್ನ ಮೌಂಟನ್ ವ್ಯೂ ಕಚೇರಿಗಾಗಿ ಒಪ್ಪಂದ ಮಾಡಿಕೊಂಡಿತು. 2021ರಲ್ಲಿ ಸಮಿಟ್ ವಿಂಡ್ ಯೋಜನೆಯ 23 ಯಂತ್ರಗಳು 569 ಹಳೆಯವುಗಳ ಜಾಗಕ್ಕೆ ಬಂದವು. ಅದರ ವಿದ್ಯುತ್ತನ್ನು ಕೊಳ್ಳುವುದು ಆಲಮೀಡ ಕೌಂಟಿಯ ಊರುಗಳು ಸೇರಿ ಕಟ್ಟಿಕೊಂಡ ಈಸ್ಟ್ ಬೇ ಕಮ್ಯೂನಿಟಿ ಎನರ್ಜಿ. ಅದಕ್ಕೀಗ ಏವಾ ಎಂದು ಹೆಸರು. ಫ್ರೀಮಾಂಟ್, ಡಬ್ಲಿನ್, ಪ್ಲೆಸಂಟನ್‌ಗಳಲ್ಲಿರುವ ನಿಮ್ಮಲ್ಲಿ ಹಲವರ ಬಿಲ್ಲಿನಲ್ಲಿ ಈ ಹೆಸರಿದೆ.

ಇಷ್ಟು ಕಡಿಮೆ ಯಂತ್ರ ಹೇಗೆ ಸಾಕು? ಗಾಳಿಯಂತ್ರದ ಶಕ್ತಿ ಅದರ ರೆಕ್ಕೆ ಗುಡಿಸುವ ವೃತ್ತದ ವಿಸ್ತೀರ್ಣಕ್ಕೆ ತಕ್ಕಂತೆ ಹೆಚ್ಚುತ್ತದೆ. ಹಳೆಯ 100 ಕಿಲೋವ್ಯಾಟ್ ಯಂತ್ರದ ವೃತ್ತದ ಅಡ್ಡಳತೆ 56 ಅಡಿ, ಸುಮಾರು 17 ಮೀಟರ್. ವಾಸ್ಕೊದ ಯಂತ್ರಗಳದು 101 ಮೀಟರ್. ಅಡ್ಡಳತೆ ಆರು ಪಟ್ಟು, ವಿಸ್ತೀರ್ಣ ಮೂವತ್ತೈದು ಪಟ್ಟು. ಎತ್ತರಕ್ಕೆ ಹೋದಷ್ಟೂ ಗಾಳಿ ಜೋರು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಶಕ್ತಿ ಎಂಟು ಪಟ್ಟು. ಹಾಗಾಗಿ ಕೆಲವೇ ಎತ್ತರದ ಯಂತ್ರಗಳು ನೂರಾರು ಕುಳ್ಳ ಯಂತ್ರಗಳ ಕೆಲಸ ಮಾಡುತ್ತವೆ. ರೆಕ್ಕೆಯ ಕೆಳತುದಿ ಈಗ ನೆಲದಿಂದ ನೂರು ಅಡಿಯ ಹತ್ತಿರ, ವೇಗ ನಿಮಿಷಕ್ಕೆ ಹದಿನೈದರ ಆಸುಪಾಸು ಸುತ್ತು, ಕೊಳವೆಯಂಥ ನುಣುಪು ಕಂಬದಲ್ಲಿ ಕೂರಲು ಕೊಂಬೆಯಿಲ್ಲ. ಎಲ್ಲಿ ನೆಡಬೇಕು ಎಂಬುದನ್ನು ಹದ್ದುಗಳ ಹಾರಾಟದ ದಾರಿ ನೋಡಿ ಆರಿಸುತ್ತಾರೆ.

ಇಲ್ಲಿಗೆ ಎಲ್ಲವೂ ಸುಖಾಂತವಾಯಿತು ಎಂದುಕೊಳ್ಳಬೇಡಿ. ಹೊಸ ಯಂತ್ರಗಳಿಗೂ ಹದ್ದುಗಳು ಸಿಕ್ಕಿ ಸಾಯುತ್ತವೆ. ಎತ್ತರದ ಯಂತ್ರಗಳು ಬಾವಲಿಗಳಿಗೆ ಹೊಸ ಅಪಾಯ ತಂದಿವೆ. 2022ರಲ್ಲಿ ನೆಕ್ಸ್ಟ್‌ಎರಾದ ಒಂದು ಅಂಗಸಂಸ್ಥೆ, ಹತ್ತು ವರ್ಷಗಳಲ್ಲಿ ದೇಶದ ಬೇರೆ ಬೇರೆ ರಾಜ್ಯಗಳ ತನ್ನ ವಿಂಡ್ ಫಾರ್ಮ್‌ಗಳಲ್ಲಿ ಕನಿಷ್ಠ 150 ಹದ್ದುಗಳು ಸತ್ತವೆಂದು ಒಪ್ಪಿ, ನ್ಯಾಯಾಲಯದಲ್ಲಿ ತಪ್ಪೊಪ್ಪಿಗೆ ಸಲ್ಲಿಸಿ ದಂಡ ಕಟ್ಟಿತು.

ಇನ್ನೊಂದು ಕಡೆ ಈ ಗಾಳಿಯ ಬೆಲೆಯೂ ಹೆಚ್ಚಿದೆ. 2045ರೊಳಗೆ ತನ್ನ ವಿದ್ಯುತ್ತೆಲ್ಲ ಇಂಗಾಲರಹಿತವಾಗಬೇಕು ಎಂದು ಕ್ಯಾಲಿಫೋರ್ನಿಯಾ 2018ರಲ್ಲಿ ಕಾನೂನು ಮಾಡಿದೆ. ಹಗಲಿಗೆ ಸೌರವಿದ್ಯುತ್ ಯಥೇಚ್ಛ. ಕಷ್ಟ ಇರುವುದು ಸೂರ್ಯ ಮುಳುಗಿ, ನಾವೆಲ್ಲ ಮನೆಗೆ ಬಂದು ಏಸಿ, ಒಲೆ, ವಾಷಿಂಗ್ ಮೆಶಿನ್ ಹಚ್ಚುವ ಹೊತ್ತಿನಲ್ಲಿ. ಆಲ್ಟಮಾಂಟ್‌ನ ಗಾಳಿ ಬೇಸಿಗೆಯ ಸಂಜೆಯ ಗಾಳಿ. ಸೂರ್ಯ ಕೈಬಿಟ್ಟ ಹೊತ್ತಿಗೆ ಅದು ಕೈಹಿಡಿಯುತ್ತದೆ. ಅದಕ್ಕೇ ಈ ಗುಡ್ಡಗಳನ್ನು ಬಿಟ್ಟುಬಿಡಿ ಎಂದು ಹೇಳುವುದೂ ಸುಲಭವಲ್ಲ.

ನಮ್ಮೂರ ಗುಡ್ಡಗಳು

ಈ ಚರಿತ್ರೆ ಕನ್ನಡಿಗರಾದ ನಮಗೆ ಬೇರೊಂದು ಕಾರಣಕ್ಕೂ ಬೇಕು. ರಜೆಗೆ ಊರಿಗೆ ಹೋದಾಗ ಬೆಂಗಳೂರಿನಿಂದ ಹುಬ್ಬಳ್ಳಿ ಕಡೆಗೆ ಹೊರಟರೆ ಚಿತ್ರದುರ್ಗದ ಸುತ್ತ ಇದೇ ನೋಟ ಕಾಣುತ್ತದೆ. ಜೋಗಿಮಟ್ಟಿಯ ಬೆಟ್ಟಗಳ ಮೇಲೆ, ಮುಂದೆ ಗದಗಿನ ಕಡೆ, ಸಾಲು ಸಾಲು ಯಂತ್ರಗಳು. ಊರ ಜನ ‘ಫ್ಯಾನು’ ಎನ್ನುತ್ತಾರೆ. ಅಲ್ಲಿನ ಗಾಳಿಗೂ ವೇಳಾಪಟ್ಟಿ ಇದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನ ಗಾಳಿ. ಕರ್ನಾಟಕದ ಪವನ ವಿದ್ಯುತ್ ಸಾಮರ್ಥ್ಯ 2022ರ ಹೊತ್ತಿಗೆ 5,000 ಮೆಗಾವ್ಯಾಟ್ ದಾಟಿತು. ಹಳೆಯ ಆಲ್ಟಮಾಂಟ್‌ನ ಎಂಟು ಪಟ್ಟಿಗೂ ಹೆಚ್ಚು!

ಆ ಬೆಳವಣಿಗೆಗೆ ಬೆಂಗಳೂರಿನಲ್ಲಿ ಒಂದು ಸದ್ದಿಲ್ಲದ ಬುನಾದಿ ಇದೆ. ಸಿ.ವಿ. ರಾಮನ್ ಅವರ ಕೈಕೆಳಗೆ ಸಂಶೋಧನೆ ಮಾಡಿದ, ಹವಾಮಾನ ಇಲಾಖೆಯಲ್ಲಿ ಉನ್ನತ ಹುದ್ದೆಯಲ್ಲಿದ್ದು ನಿವೃತ್ತರಾದ ಅಣ್ಣಾ ಮಣಿ ಎಂಬ ವಿಜ್ಞಾನಿ, ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ನೆಲೆಸಿ, ಗಾಳಿಯ ವೇಗ ಮತ್ತು ಸೌರಶಕ್ತಿ ಅಳೆಯುವ ಉಪಕರಣಗಳ ಪುಟ್ಟ ಕಾರ್ಖಾನೆ ನಡೆಸಿದರು. ದೇಶದ ಎಲ್ಲೆಲ್ಲಿ ಎಷ್ಟು ಗಾಳಿ ಬೀಸುತ್ತದೆ ಎಂಬ ಅಂಕಿಅಂಶಗಳ ಪುಸ್ತಕವನ್ನು 1983ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಪ್ರಕಟಿಸಿದರು. ಆಲ್ಟಮಾಂಟ್‌ನಲ್ಲಿ ಹಣದ ಅವಸರಕ್ಕೆ ಯಂತ್ರಗಳು ಏಳುತ್ತಿದ್ದ ಅದೇ ವರ್ಷಗಳಲ್ಲಿ, ಇಲ್ಲೊಬ್ಬರು ತಾಳ್ಮೆಯಿಂದ ಗಾಳಿಯನ್ನು ಅಳೆಯುತ್ತಿದ್ದರು.

ಗಾಳಿಯನ್ನು ಅಳೆದ ಹಾಗೆ ಗುಡ್ಡದ ಜೀವಗಳನ್ನೂ ಅಳೆಯಬೇಕಲ್ಲ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದ ಸಾತಾರಾ ಬಳಿಯ ಚಾಳ್ಕೇವಾಡಿ ಎಂಬ ಪಶ್ಚಿಮ ಘಟ್ಟದ ಪ್ರಸ್ಥಭೂಮಿಯಲ್ಲಿ ಆ ಕೆಲಸ ಮಾಡಿ 2018ರಲ್ಲಿ ಪ್ರಕಟಿಸಿದರು. ಗಾಳಿಯಂತ್ರ ಇರುವ ಕಡೆ ಬೇಟೆಹಕ್ಕಿಗಳು ಸುಮಾರು ನಾಲ್ಕು ಪಟ್ಟು ಕಡಿಮೆ. ಬೇಟೆಗಾರ ಇಲ್ಲದ್ದರಿಂದ ಅಲ್ಲಿನ ಓತಿಕ್ಯಾತಗಳು ಹೆಚ್ಚಿದ್ದವು, ಮನುಷ್ಯ ಹತ್ತಿರ ಬಂದರೂ ಬೇಗ ಓಡುತ್ತಿರಲಿಲ್ಲ. ಅಂದರೆ ಯಂತ್ರ ಹಕ್ಕಿಯನ್ನಷ್ಟೇ ಮುಟ್ಟುವುದಿಲ್ಲ, ಹಕ್ಕಿಯ ಕೆಳಗಿನ ಇಡೀ ಸಂಸಾರವನ್ನು ಅಲುಗಿಸುತ್ತದೆ.

ಲೆಕ್ಕ ಇಡುವವರು

1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಅದಕ್ಕೆ ಒಂದು ವರ್ಷ ಮುಂಚೆ, 1901ರಲ್ಲಿ, ಸಿಯೆರಾ ಬೆಟ್ಟದ ನದಿಯಿಂದ ನೂರ ನಲವತ್ತು ಮೈಲಿ ತಂತಿಯ ಮೇಲೆ ಓಕ್ಲೆಂಡಿಗೆ ವಿದ್ಯುತ್ ಬಂದಿತ್ತು. ಅಂದಿನಿಂದ ಇಂದಿನವರೆಗೆ ದೀಪ ಹಚ್ಚುವವರು ಒಂದು ಕಡೆ, ಅದರ ಬೆಲೆ ತೆರುವ ನದಿ, ಗಣಿ, ಕಾಡು ಇನ್ನೊಂದು ಕಡೆ. ಸ್ವಿಚ್ ಒತ್ತುವವರಿಗೆ ಅದು ಕಾಣುವುದಿಲ್ಲ. ಆಲ್ಟಮಾಂಟ್‌ನ ವಿಶೇಷವೆಂದರೆ ಅದು ಫ್ರೀವೇ ಪಕ್ಕದಲ್ಲಿದೆ, ಎಲ್ಲರಿಗೂ ಕಾಣುತ್ತದೆ. ಕಂಡದ್ದರಿಂದ ಯಾರೋ ಹೋಗಿ ಯಂತ್ರದ ಬುಡದಲ್ಲಿ ಹುಡುಕಿದರು. ಹುಡುಕಿದ್ದನ್ನು ಎಣಿಸಿದರು, ಎಣಿಸಿದ್ದನ್ನು ಬರೆದಿಟ್ಟರು. ಆ ಲೆಕ್ಕ ಇಲ್ಲದಿದ್ದರೆ ಕೌಂಟಿಯ ಷರತ್ತೂ ಇಲ್ಲ, ಒಪ್ಪಂದವೂ ಇಲ್ಲ, ಮೂವತ್ತನಾಲ್ಕು ಯಂತ್ರವೂ ಇಲ್ಲ. ಗಾಳಿಯನ್ನು ಶುದ್ಧ ಎನ್ನುವ ಹಕ್ಕನ್ನು ಆ ಎಣಿಕೆಯವರು ನಮಗೆ ಸ್ವಲ್ಪ ಸ್ವಲ್ಪವಾಗಿ ಸಂಪಾದಿಸಿಕೊಡುತ್ತಿದ್ದಾರೆ.

ನಮ್ಮ ಪಾಲಿಗೆ ಏನು? ಕ್ಯಾಲಿಫೋರ್ನಿಯಾದಲ್ಲಿ ವಿದ್ಯುತ್ ಮಾರುವ ಪ್ರತಿ ಸಂಸ್ಥೆಯೂ ವರ್ಷಕ್ಕೊಮ್ಮೆ ‘ಪವರ್ ಕಂಟೆಂಟ್ ಲೇಬಲ್’ ಎಂಬ ಪಟ್ಟಿ ಕೊಡಬೇಕೆಂದು ಕಾನೂನಿದೆ. ನಿಮ್ಮ ವಿದ್ಯುತ್ತಿನಲ್ಲಿ ಗಾಳಿ ಎಷ್ಟು, ಸೂರ್ಯ ಎಷ್ಟು, ಅನಿಲ ಎಷ್ಟು ಎಂದು ಅದರಲ್ಲಿರುತ್ತದೆ. ಈ ವರ್ಷದ್ದನ್ನು ಬಿಸಾಡುವ ಮೊದಲು ಒಮ್ಮೆ ಓದಿ, ಮನೆಯ ಮಕ್ಕಳಿಗೂ ತೋರಿಸಿ. ಕೌಂಟಿಯಲ್ಲಿ ಹೊಸ ಯೋಜನೆಯ ಸಾರ್ವಜನಿಕ ವಿಚಾರಣೆ ಇದ್ದರೆ, ಊರಿನಲ್ಲಿ ನಿಮ್ಮ ಬಂಧುಗಳ ಗುಡ್ಡಕ್ಕೆ ‘ಫ್ಯಾನು’ ಬರುವುದಿದ್ದರೆ, ಎರಡು ಪ್ರಶ್ನೆ ಕೇಳಿ. ವರ್ಷಕ್ಕೆ ಎಷ್ಟು ಯೂನಿಟ್ ಬರುತ್ತದೆ? ಈ ಗುಡ್ಡದಲ್ಲಿ ಈಗ ಯಾರ‍್ಯಾರು ಇದ್ದಾರೆ, ಅವರನ್ನು ಎಣಿಸಿದವರು ಯಾರು?